ಎಂಜಿನ್ ಗದ್ದಲದ ನಡುವೆ ನೆಲದ ಸಿಬ್ಬಂದಿಗೆ ತಂತಿರಹಿತ ಹೆಡ್‌ಸೆಟ್: ದನಿಗೆ ತಾನಾಗಿ ತೆರೆಯುವ ಮೈಕನ್ನು ನಂಬಬಹುದೇ?

ಪ್ರಶ್ನೆ: ಹ್ಯಾಂಗರ್ ಮೇಲ್ವಿಚಾರಕ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ವಿಮಾನಗಳ ದುರಸ್ತಿ ಮತ್ತು ನಿರ್ವಹಣೆ ಮಾಡುವ ಸಂಸ್ಥೆಯೊಂದರಲ್ಲಿ ನಾನು ಪಾಳಿ ಮೇಲ್ವಿಚಾರಕನಾಗಿದ್ದೇನೆ. ನಮ್ಮಲ್ಲಿ ಎರಡು ಕೆಲಸಗಳಿಗೆ ಕಾಕ್‌ಪಿಟ್‌ನಲ್ಲಿ ಕುಳಿತವರಿಗೂ ನೆಲದ ಮೇಲೆ ನಿಂತವರಿಗೂ ನಡುವೆ ಮಾತು ಇರಲೇಬೇಕು. ಟಗ್ (ವಿಮಾನ ತಳ್ಳುವ ವಾಹನ) ಹಚ್ಚಿ ವಿಮಾನವನ್ನು ಹಿಂದಕ್ಕೆ ತಳ್ಳುವುದು, ಅಂದರೆ ಪುಷ್‌ಬ್ಯಾಕ್, ಒಂದು. ದುರಸ್ತಿಯ ನಂತರ ಎಂಜಿನ್ ಗ್ರೌಂಡ್ ರನ್ ಮಾಡುವುದು, ಅಂದರೆ ನೆಲದ ಮೇಲೆ ನಿಂತಲ್ಲೇ ಎಂಜಿನ್ ಓಡಿಸಿ ಪರೀಕ್ಷಿಸುವುದು, ಇನ್ನೊಂದು. ಈವರೆಗೆ ನೋಸ್ ವೀಲ್ (ಮುಂಚಕ್ರ) ಬಳಿಯ, ಕಾಕ್‌ಪಿಟ್‌ನೊಡನೆ ಮಾತನಾಡುವ ಇಂಟರ್‌ಫೋನ್ ಜಾಕ್‌ಗೆ ಉದ್ದ ತಂತಿಯ ಹೆಡ್‌ಸೆಟ್ ಚುಚ್ಚಿಕೊಂಡು ಒಬ್ಬರು ಮಾತ್ರ ಮಾತನಾಡುತ್ತಿದ್ದಾರೆ. ರೆಕ್ಕೆಗಳ ತುದಿಯಲ್ಲಿ ನಿಲ್ಲುವವರು, ಅಗ್ನಿಶಾಮಕದ ಜೊತೆ ಕಾವಲು ನಿಲ್ಲುವವರು, ಟಗ್ ಚಾಲಕರು ಇವರೆಲ್ಲ ಕೈಸನ್ನೆಯನ್ನೇ ನಂಬಿಕೊಂಡಿದ್ದಾರೆ.

ಈಗ ಐವರಿಗೂ ತಂತಿರಹಿತ ಹೆಡ್‌ಸೆಟ್ ಕೊಡುವ ಆಲೋಚನೆ ನಡೆದಿದೆ. ಮಾರಾಟಗಾರರು ತೋರಿಸಿದ ಮಾದರಿಯಲ್ಲಿ ಒತ್ತುವ ಗುಂಡಿಯೇ ಇಲ್ಲ. ಮಾತನಾಡಿದರೆ ಮೈಕ್ ತಾನಾಗಿ ತೆರೆದುಕೊಳ್ಳುತ್ತದೆ, ಸುಮ್ಮನಾದರೆ ಮುಚ್ಚಿಕೊಳ್ಳುತ್ತದೆ. ಎರಡೂ ಕೈಗಳಲ್ಲಿ ಕೆಲಸವಿರುವವರಿಗೆ ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಅವರು ಅದನ್ನು ತೋರಿಸಿದ್ದು ಕಚೇರಿಯ ಕೋಣೆಯಲ್ಲಿ. ಎಂಜಿನ್ ಐಡಲ್‌ನಿಂದ (ಅತಿ ಕಡಿಮೆ ಶಕ್ತಿಯಿಂದ) ಪೂರ್ಣ ಶಕ್ತಿಗೆ ಏರುವಾಗ ಇದೇ ಮೈಕ್ ಹೇಗೆ ವರ್ತಿಸುತ್ತದೆ ಎಂಬುದು ನನ್ನ ಮೊದಲ ಸಂದೇಹ. ವಾಕಿಟಾಕಿಯಂತೆ ಗುಂಡಿ ಒತ್ತಿ ಮಾತನಾಡುವ ವ್ಯವಸ್ಥೆಯೇ ಹೆಚ್ಚು ಭದ್ರವೇ? ಗಂಟಲಿಗೆ ಕಟ್ಟಿಕೊಳ್ಳುವ ಮೈಕ್ ಒಳ್ಳೆಯದೆಂದು ಕೆಲವರು ಹೇಳುತ್ತಾರೆ, ಅದು ಸರಿಯೇ? ನಮ್ಮ ಹುಡುಗರ ಕಿವಿಯ ರಕ್ಷಣೆಗೆ ಈ ಹೆಡ್‌ಸೆಟ್ ಒಂದೇ ಸಾಕೇ? ಖರೀದಿಯ ಕಡತಕ್ಕೆ ಸಹಿ ಹಾಕುವ ಮೊದಲು ಅನುಭವವುಳ್ಳವರ ಮಾತು ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ 1: ಏವಿಯಾನಿಕ್ಸ್ ಎಂಜಿನಿಯರ್

ಮೇಲ್ವಿಚಾರಕರೇ, ತಂತಿರಹಿತ ವ್ಯವಸ್ಥೆ ಎಂದೊಡನೆ ಎಲ್ಲರೂ ರೇಡಿಯೋದ ವ್ಯಾಪ್ತಿ ಎಷ್ಟು, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳುತ್ತಾರೆ. ನಿಮ್ಮ ಸ್ಥಳದಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ರೇಡಿಯೋದಲ್ಲಿ ಅಲ್ಲ, ಬಾಯಿಗೂ ಮೈಕಿಗೂ ನಡುವಿನ ಒಂದು ಸೆಂಟಿಮೀಟರ್ ಅಂತರದಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಗದ್ದಲದ ಸ್ಥಳಗಳಿಗೆಂದು ಮಾಡಿದ ಮೈಕಿನ ತೆಳುಪೊರೆಗೆ ಮುಂದಿನಿಂದಲೂ ಹಿಂದಿನಿಂದಲೂ ಶಬ್ದ ತಲುಪುವಂತೆ ರಂಧ್ರಗಳಿರುತ್ತವೆ. ದೂರದಿಂದ ಬರುವ ಎಂಜಿನ್ನಿನ ಶಬ್ದವು ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿ ಬಡಿಯುವುದರಿಂದ ಪೊರೆ ಅಲುಗುವುದಿಲ್ಲ. ತುಟಿಗೆ ತಾಗುವಷ್ಟು ಹತ್ತಿರದಿಂದ ಬರುವ ಮಾತು ಒಂದೇ ಬದಿಗೆ ಬಲವಾಗಿ ಬಡಿಯುವುದರಿಂದ ಪೊರೆ ಅಲುಗುತ್ತದೆ. ಕಡಿಮೆ ಕಂಪನಾಂಕದ ಮೊರೆತವನ್ನು ಇದು ಚೆನ್ನಾಗಿ ಕಳೆಯುತ್ತದೆ, ಟರ್ಬೈನಿನ ಕೀರಲು ಶಬ್ದವನ್ನು ಅಷ್ಟಾಗಿ ಕಳೆಯುವುದಿಲ್ಲ. ಮೈಕ್ ತುಟಿಯಿಂದ ದೂರ ಸರಿದಷ್ಟೂ ಈ ಗುಣ ಕರಗಿಹೋಗುತ್ತದೆ. ಅಂತರ ಅರ್ಧವಾದಾಗ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಅಂದರೆ ನಾಲ್ಕು ಸೆಂಟಿಮೀಟರ್ ದೂರದ ಮೈಕನ್ನು ಒಂದು ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ. ಇಷ್ಟನ್ನು ಯಾವ ದುಬಾರಿ ಸಾಫ್ಟ್‌ವೇರ್ ಕೂಡ ಸುಲಭವಾಗಿ ಕೊಡಲಾರದು. ಗಲ್ಲದ ಕೆಳಗೆ ತಿರುಗಿಸಿಟ್ಟ ಮೈಕಿನಲ್ಲಿ ಮಾತನಾಡುವವರನ್ನು ಕಂಡರೆ ಕೆಲಸ ನಿಲ್ಲಿಸಿ ಸರಿಪಡಿಸಿ.

ಈಗ ತಾನಾಗಿ ತೆರೆಯುವ ಮೈಕಿನ ವಿಷಯ. ಒಬ್ಬರೇ ಮಾತನಾಡುವ ತಂತಿಯ ವ್ಯವಸ್ಥೆಯಲ್ಲಿ ಮೈಕ್ ಸದಾ ತೆರೆದಿದ್ದರೂ ಹೇಗೋ ನಡೆಯುತ್ತದೆ. ಐದು ಮೈಕ್‌ಗಳು ಒಟ್ಟಿಗೆ ತೆರೆದಿದ್ದರೆ ಐದೂ ಕಡೆಯ ಗದ್ದಲ ಕೂಡಿಕೊಂಡು ಎಲ್ಲರ ಕಿವಿಗೂ ಸುಮಾರು 7 ಡೆಸಿಬೆಲ್ ಹೆಚ್ಚಾಗಿ ಬೀಳುತ್ತದೆ. ಹೀಗಾಗಿ ಮಾತನಾಡದವರ ಮೈಕ್ ಮುಚ್ಚಿರಬೇಕು ಎಂಬುದು ಶೋಕಿಯ ಮಾತಲ್ಲ, ಅಗತ್ಯ. ಹಳೆಯ ಬಗೆಯ ಯಂತ್ರಗಳು ಇದನ್ನು ಒಂದೇ ಮಿತಿಯಿಂದ ನಿರ್ಧರಿಸುತ್ತವೆ: ಇಷ್ಟು ಶಬ್ದಕ್ಕಿಂತ ಹೆಚ್ಚಾದರೆ ತೆರೆ, ಕಡಿಮೆಯಾದರೆ ಮುಚ್ಚು. ನೀವು ಐಡಲ್‌ನಲ್ಲಿ ಆ ಮಿತಿಯನ್ನು ಹೊಂದಿಸಿದರೆ, ಎಂಜಿನ್ ಶಕ್ತಿ ಏರಿದಾಗ ಗದ್ದಲವೇ ಮೈಕನ್ನು ತೆರೆದುಬಿಡುತ್ತದೆ, ಮತ್ತೆ ಮುಚ್ಚುವುದೇ ಇಲ್ಲ. ಪೂರ್ಣ ಶಕ್ತಿಯಲ್ಲಿ ಹೊಂದಿಸಿದರೆ ಐಡಲ್‌ನಲ್ಲಿ ಕಿರುಚಬೇಕಾಗುತ್ತದೆ. ಹೊಸ ಡಿಜಿಟಲ್ ಯಂತ್ರಗಳು ಸುತ್ತಲಿನ ಗದ್ದಲವನ್ನು ಅಳೆಯುತ್ತಲೇ ಇದ್ದು ಮಿತಿಯನ್ನು ಏರಿಸಿ ಇಳಿಸುತ್ತವೆ; ಬರಿಯ ಮಟ್ಟವನ್ನಲ್ಲದೆ ಮಾತಿನ ಸ್ವರೂಪವನ್ನೂ ಗುರುತಿಸಲು ಯತ್ನಿಸುತ್ತವೆ; ಮೈಕ್ ತೆರೆಯುವಷ್ಟರಲ್ಲಿ ಮೊದಲ ಅಕ್ಷರ ಕತ್ತರಿಸಿಹೋಗದಂತೆ ಮಾತನ್ನು ಒಂದು ಕ್ಷಣದ ಸಣ್ಣ ಭಾಗದಷ್ಟು ತಡೆಹಿಡಿದು ಕಳುಹಿಸುತ್ತವೆ. ನಿಮ್ಮ ಮಾರಾಟಗಾರರನ್ನು ಈ ಮೂರರ ಬಗ್ಗೆಯೇ ಕೇಳಿ.

ಗುಂಡಿ ಒತ್ತುವ ವಾಕಿಟಾಕಿ ಭದ್ರ ಎನ್ನುವವರು ಅದರ ದೊಡ್ಡ ದೋಷವೊಂದನ್ನು ಮರೆಯುತ್ತಾರೆ. ಅದರಲ್ಲಿ ಒಬ್ಬರು ಮಾತನಾಡುತ್ತಿರುವಾಗ ಇನ್ನೊಬ್ಬರ "ನಿಲ್ಲಿಸಿ" ಎಂಬ ಕೂಗು ಒಳಗೆ ಬರಲಾರದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747ಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತ ದುರಂತದ ಕಾರಣಗಳಲ್ಲಿ ಇದೂ ಒಂದು: ಕಂಟ್ರೋಲ್ ಟವರ್ "ಕಾಯಿರಿ" ಎಂದದ್ದೂ, ಎದುರಿನ ವಿಮಾನದವರು "ನಾವಿನ್ನೂ ರನ್‌ವೇ ಮೇಲಿದ್ದೇವೆ" ಎಂದದ್ದೂ ಒಂದೇ ಗಳಿಗೆಯಲ್ಲಿ ಹೊರಟು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಬರಿಯ ಕಿರುಚಲು ಸದ್ದಾಗಿ ಕೇಳಿಸಿದವು. ಅದು ವಿಮಾನ ರೇಡಿಯೋ, ನಿಮ್ಮದು ನೆಲದ ಹೆಡ್‌ಸೆಟ್; ಆದರೂ ಒಂದೇ ದಾರಿಯಲ್ಲಿ ಎರಡು ಮಾತು ಹೋಗಲಾರದು ಎಂಬ ಇಕ್ಕಟ್ಟು ಎರಡಕ್ಕೂ ಸಮಾನ. ಡೆಕ್ಟ್ ಎಂಬ ಕಾರ್ಡ್‌ಲೆಸ್ ತಂತ್ರದಲ್ಲಿ ಪ್ರತಿ 10 ಮಿಲಿಸೆಕೆಂಡಿನ ಅವಧಿಯನ್ನು 24 ತುಂಡು ಮಾಡಿ, ಹೋಗುವ ಮಾತಿಗೆ 12, ಬರುವ ಮಾತಿಗೆ 12 ಎಂದು ಹಂಚಿರುತ್ತಾರೆ. ಆದ್ದರಿಂದ ಫೋನಿನಂತೆ ಎರಡೂ ಕಡೆಯವರು ಏಕಕಾಲಕ್ಕೆ ಮಾತನಾಡಬಹುದು. ನೆಲದ ಸಿಬ್ಬಂದಿಗೆ ಇದು ಬೇಕು.

ಇಲ್ಲೊಂದು ಎಚ್ಚರಿಕೆ. ಅಮೆರಿಕದಲ್ಲಿ ಮಾರುವ ಡೆಕ್ಟ್ ಸಾಧನಗಳು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಯುರೋಪಿನವು 1880ರಿಂದ 1900ರಲ್ಲಿ. ಅಮೆರಿಕದ ಆ ಕಂಪನಾಂಕ ಪಟ್ಟಿಯು ನಮ್ಮಲ್ಲಿ ಮೊಬೈಲ್ ಫೋನಿನಿಂದ ಟವರಿಗೆ ಹೋಗುವ 2100 ಮೆಗಾಹರ್ಟ್ಸ್ ಸೇವೆಯ ಭಾಗ. ಅಲ್ಲಿಂದ ಯಾರೋ ತಂದುಕೊಟ್ಟ ಸೆಟ್ ಅನ್ನು ಇಲ್ಲಿ ಬಳಸುವಂತಿಲ್ಲ. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ಕಂಪನಾಂಕಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಸಲಕರಣೆ ಅನುಮೋದನಾ ಪತ್ರವನ್ನು ಮಾರಾಟಗಾರರಿಂದ ಬರವಣಿಗೆಯಲ್ಲೇ ಪಡೆಯಿರಿ.

ಉತ್ತರ 2: ಶ್ರವಣ ಮತ್ತು ವಾಕ್ ತಜ್ಞೆ, ಮೈಸೂರು

ಕಿವಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ಅದು ಯಾವಾಗಲೂ ಕೊನೆಗೆ ಉಳಿದುಬಿಡುತ್ತದೆ.

ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮಟ್ಟವು 3 ಡೆಸಿಬೆಲ್ ಏರಿದ ಹಾಗೆಲ್ಲ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ 15 ನಿಮಿಷ ಮಾತ್ರ ಉಳಿಯುತ್ತದೆ. ಹತ್ತಿರದ ಜೆಟ್ ಎಂಜಿನ್ನಿನ 130 ಡೆಸಿಬೆಲ್‌ಗೆ ಇದೇ ಲೆಕ್ಕ ಹಾಕಿದರೆ ಬರಿಗಿವಿಯ ಇಡೀ ದಿನದ ಪಾಲು ಒಂದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ನಮ್ಮ ಕಾರ್ಖಾನೆ ನಿಯಮಗಳು 90 ಡೆಸಿಬೆಲ್‌ಗೆ 8 ಗಂಟೆ ಎಂದು ಸ್ವಲ್ಪ ಸಡಿಲವಾಗಿವೆ. ಕಿವಿಯ ಒಳಗಿನ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ನಾನು ಯಾವಾಗಲೂ ಬಿಗಿಯಾದ ಲೆಕ್ಕವನ್ನೇ ಹಿಡಿಯಿರಿ ಎನ್ನುತ್ತೇನೆ.

ಒಳ್ಳೆಯ ಹೆಡ್‌ಸೆಟ್ ಕಾಗದದ ಮೇಲೆ 23-24 ಡೆಸಿಬೆಲ್ ತಡೆಯುತ್ತದೆ. ಕನ್ನಡಕದ ಕಡ್ಡಿ, ಕೂದಲು, ಟೋಪಿ, ಹೆಡ್‌ಸೆಟ್‌ನ ಗಟ್ಟಿಯಾದ ಹಳೆಯ ಕಿವಿಮೆತ್ತೆ ಇವುಗಳಿಂದ ಅಂಚಿನಲ್ಲಿ ಸಂದು ಬಿದ್ದಾಗ ಅಷ್ಟು ಸಿಗುವುದಿಲ್ಲ. ಗ್ರೌಂಡ್ ರನ್ ಸಮಯದಲ್ಲಿ ಇಯರ್‌ಪ್ಲಗ್ ಹಾಕಿ ಅದರ ಮೇಲೆ ಹೆಡ್‌ಸೆಟ್ ಧರಿಸುವುದು ಕಡ್ಡಾಯವಾಗಲಿ. ಎರಡನ್ನೂ ಧರಿಸಿದರೆ ರಕ್ಷಣೆ ಕೂಡಿಕೊಳ್ಳುತ್ತದೆಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ, ಎರಡರಲ್ಲಿ ಹೆಚ್ಚು ತಡೆಯುವ ಸಾಧನದ ಮೇಲೆ ಇನ್ನೊಂದು 5ರಿಂದ 10 ಡೆಸಿಬೆಲ್ ಸಿಗುತ್ತದೆ, ಅಷ್ಟೇ. ಕಿವಿಯನ್ನು ಎಷ್ಟೇ ಮುಚ್ಚಿದರೂ ತಲೆಬುರುಡೆಯ ಮೂಳೆಗಳ ಮೂಲಕ ಶಬ್ದ ಒಳಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಪೂರ್ಣ ಶಕ್ತಿಯ ಓಟದಲ್ಲಿ ಹತ್ತಿರ ನಿಲ್ಲುವ ಅವಧಿಯನ್ನೇ ಕಡಿಮೆ ಮಾಡಬೇಕು, ಜನರನ್ನೂ ಕಡಿಮೆ ಮಾಡಬೇಕು.

ಹೆಡ್‌ಸೆಟ್‌ನೊಳಗಿನ ಮಾತು ಕೂಡ ಶಬ್ದವೇ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾತು ಸ್ಪಷ್ಟವಾಗಬೇಕಾದರೆ ಅದು ಸುತ್ತಲಿನ ಗದ್ದಲಕ್ಕಿಂತ ಸುಮಾರು 10ರಿಂದ 15 ಡೆಸಿಬೆಲ್ ಮೇಲಿರಬೇಕು. ಮೆತ್ತೆಯ ಒಳಗೆ 95 ಡೆಸಿಬೆಲ್ ಗದ್ದಲ ಸೋರುತ್ತಿದ್ದರೆ ಕೆಲಸಗಾರನು ವಾಲ್ಯೂಮ್ ತಿರುಗಿಸಿ ಮಾತನ್ನು 105ಕ್ಕೆ ಏರಿಸಿಕೊಳ್ಳುತ್ತಾನೆ. ಅಂದರೆ ರಕ್ಷಣೆಗೆಂದು ಕೊಟ್ಟ ಸಾಧನವೇ ಹಾನಿ ಮಾಡುತ್ತದೆ. ಮೊದಲು ಗದ್ದಲವನ್ನು ಹೊರಗೆ ತಡೆಯಬೇಕು, ಮಾತನ್ನು ಏರಿಸುವುದು ಆಮೇಲೆ. ವಿದ್ಯುನ್ಮಾನ ವಿಧಾನದಿಂದ ಗದ್ದಲ ಕಳೆಯುವ ಹೆಡ್‌ಸೆಟ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಮಾರಾಟಗಾರರು ಹೇಳಿಯೇ ಹೇಳುತ್ತಾರೆ: ಅದು ಕಡಿಮೆ ಕಂಪನಾಂಕದಲ್ಲಿ ಮಾತ್ರ ಸಮರ್ಥ. ಪ್ರೊಪೆಲ್ಲರ್ ವಿಮಾನಕ್ಕೂ ಹೆಲಿಕಾಪ್ಟರಿಗೂ ಬಹಳ ಉಪಯುಕ್ತ. ಜೆಟ್‌ನ ಕೀರಲು ಶಬ್ದಕ್ಕೆ ದಪ್ಪ ಮೆತ್ತೆಯೇ ಗತಿ.

ಗಂಟಲಿನ ಮೈಕ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಲ್ಲಿಯೂ ಟ್ಯಾಂಕ್‌ಗಳಲ್ಲಿಯೂ ಬಳಕೆಯಲ್ಲಿತ್ತು. ಹೊರಗಿನ ಗದ್ದಲವನ್ನು ಅದು ಚೆನ್ನಾಗಿಯೇ ದೂರವಿಡುತ್ತದೆ. ಆದರೆ ಸ, ಶ, ತ, ಪ ಮುಂತಾದ ವ್ಯಂಜನಗಳು ರೂಪುಗೊಳ್ಳುವುದು ಗಂಟಲಿನಲ್ಲಿ ಅಲ್ಲ, ನಾಲಗೆ, ಹಲ್ಲು, ತುಟಿಗಳಲ್ಲಿ. ಗಂಟಲಿನಿಂದ ಹಿಡಿದ ಮಾತಿನಲ್ಲಿ ಸ್ವರಗಳು ಗುಂಯ್‌ಗುಡುತ್ತವೆ, ವ್ಯಂಜನಗಳು ಮಸುಕಾಗುತ್ತವೆ. ಪರಸ್ಪರ ಚೆನ್ನಾಗಿ ಪರಿಚಯವಿರುವ ಸಣ್ಣ ತಂಡವು ಗೊತ್ತುಮಾಡಿಕೊಂಡ ಕೆಲವೇ ಆಜ್ಞೆಗಳಿಗೆ ಬಳಸಬಹುದು. ವಿಮಾನದ ಹೊಸ ಹೊಸ ಸಿಬ್ಬಂದಿಯೊಡನೆ ಮಾತನಾಡಲು ನಾನು ಸಲಹೆ ಮಾಡುವುದಿಲ್ಲ.

ಕಿವಿ ಮುಚ್ಚಿಕೊಂಡವರು ಸಹಜವಾಗಿ ಮೆಲ್ಲಗೆ ಮಾತನಾಡುತ್ತಾರೆ, ಏಕೆಂದರೆ ತಮ್ಮ ದನಿ ತಮಗೆ ತಲೆಯೊಳಗೆ ದೊಡ್ಡದಾಗಿ ಕೇಳಿಸುತ್ತದೆ. ಮೆಲ್ಲಗಿನ ಮಾತಿಗೆ ನಿಮ್ಮ ಮೈಕ್ ತೆರೆಯದೇ ಇರಬಹುದು. ಮೈಕ್ ತೆರೆದಾಗ ಮಾತ್ರ ತನ್ನ ದನಿ ತನ್ನ ಹೆಡ್‌ಸೆಟ್‌ನಲ್ಲಿ ಕೇಳಿಸುವಂತೆ ವ್ಯವಸ್ಥೆಯಿದ್ದರೆ, ತನ್ನ ಮಾತು ಹೋಯಿತೋ ಇಲ್ಲವೋ ಎಂಬುದು ಆ ಕ್ಷಣವೇ ಗೊತ್ತಾಗುತ್ತದೆ. ಖರೀದಿಯ ಷರತ್ತುಗಳಲ್ಲಿ ಇದನ್ನೂ ಸೇರಿಸಿ.

ಇನ್ನೊಂದು ವಿಷಯ ವಿಶೇಷವಾಗಿ ಕನ್ನಡ ಮಾತನಾಡುವ ತಂಡಕ್ಕೆ ಸಂಬಂಧಿಸಿದ್ದು. ನಮ್ಮ ವಾಕ್ಯದಲ್ಲಿ ನಿಷೇಧ ಬರುವುದು ಕೊನೆಯಲ್ಲಿ, ಅದೂ ದನಿ ಇಳಿಯುವ ಜಾಗದಲ್ಲಿ. "ಬ್ರೇಕ್ ಬಿಡಬೇಡಿ" ಎಂಬ ಮಾತಿನ ತುದಿಯಲ್ಲಿ ಮೈಕ್ ಬೇಗ ಮುಚ್ಚಿಕೊಂಡರೆ ಕೇಳುವವರಿಗೆ ಉಳಿಯುವುದು ಅದರ ತದ್ವಿರುದ್ಧ ಅರ್ಥ. ಆದ್ದರಿಂದ ಆಜ್ಞೆಗಳಲ್ಲಿ ನಿಷೇಧದ ರೂಪಗಳನ್ನೇ ತೆಗೆದುಹಾಕಿ, "ಸ್ಟಾಪ್", "ಹೋಲ್ಡ್" ಎಂಬಂಥ ಒಂಟಿ ಪದಗಳನ್ನು ಎರಡು ಬಾರಿ ಹೇಳುವ ಅಭ್ಯಾಸ ಮಾಡಿಸಿ. ಕಾಕ್‌ಪಿಟ್‌ನೊಡನೆ ಹೇಗೂ ಇಂಗ್ಲಿಷಿನ ಗೊತ್ತುಪಡಿಸಿದ ಮಾತುಗಳೇ ಇರುತ್ತವೆ. ತಮ್ಮತಮ್ಮಲ್ಲಿ ಮಾತನಾಡುವಾಗ ಹುಡುಗರು ಕನ್ನಡಕ್ಕೋ ಹಿಂದಿಗೋ ಹೊರಳುತ್ತಾರೆ, ಅಪಾಯವಿರುವುದು ಅಲ್ಲಿ.

ಉತ್ತರ 3: ಲೈನ್ ಮೇಂಟೆನನ್ಸ್ ಎಂಜಿನಿಯರ್, ದುಬೈ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಪುಷ್‌ಬ್ಯಾಕ್ ಮಾಡುವವನಾಗಿ ನಾನು ಸೇರಿಸಬೇಕಾದದ್ದು ತಂತಿ ತೆಗೆದಾಗ ಏನೇನು ಬದಲಾಗುತ್ತದೆ ಎಂಬುದನ್ನು.

ತಂತಿಯಿಂದ ಆಗುವ ತೊಂದರೆ ಗೊತ್ತಿರುವುದೇ: ಉರುಳುತ್ತಿರುವ ನೋಸ್ ವೀಲ್ ಮತ್ತು ಟೋ ಬಾರ್ (ಟಗ್ಗನ್ನು ವಿಮಾನಕ್ಕೆ ಜೋಡಿಸುವ ದಂಡ) ಪಕ್ಕದಲ್ಲೇ ತಂತಿ ಹಿಡಿದು ನಡೆಯಬೇಕು, ಎಡವಿದರೆ ಚಕ್ರದಡಿ. ಗುಡುಗು ಮಿಂಚಿನ ಹೊತ್ತಿನಲ್ಲಿ ವಿಮಾನಕ್ಕೆ ಸಿಡಿಲು ಬಡಿದರೆ ಆ ತಂತಿಯೇ ಕೆಲಸಗಾರನ ತಲೆಗೆ ವಿದ್ಯುತ್ತಿನ ದಾರಿಯಾಗುತ್ತದೆ. ತಂತಿರಹಿತ ಸೆಟ್‌ನಿಂದ ಈ ಎರಡೂ ತಪ್ಪುತ್ತವೆ. (ಹಾಗೆಂದು ಸಿಡಿಲಿನ ಎಚ್ಚರಿಕೆ ಇದ್ದಾಗ ಬಯಲಿನಲ್ಲಿ ಕೆಲಸ ಮುಂದುವರಿಸಬಹುದೆಂದು ಅರ್ಥವಲ್ಲ.)

ಆದರೆ ಆ ತಂತಿ ಮಾತನಾಡುವವನನ್ನು ನೋಸ್ ವೀಲ್ ಬಳಿಯ ಗೊತ್ತಾದ ಜಾಗದಲ್ಲೇ ಕಟ್ಟಿಹಾಕುತ್ತಿತ್ತು. ಕಾಕ್‌ಪಿಟ್‌ನವರಿಗೆ ಅವನು ಎಲ್ಲಿದ್ದಾನೆಂಬ ಅಂದಾಜು ಇರುತ್ತಿತ್ತು. ತಂತಿ ಹೋದ ಮೇಲೆ ಅವನು ಮಾತನಾಡುತ್ತಲೇ ಎಂಜಿನ್ನಿನ ಬಾಯಿಯ ಕಡೆ ನಡೆದುಹೋಗಬಲ್ಲ. 2015ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಪುಷ್‌ಬ್ಯಾಕ್ ಮುಗಿದ ಬೆನ್ನಲ್ಲೇ ಏರ್‌ಬಸ್ ಎ319 ವಿಮಾನದ ಎಂಜಿನ್ ತಂತ್ರಜ್ಞರೊಬ್ಬರನ್ನು ಒಳಗೆ ಸೆಳೆದುಕೊಂಡದ್ದು ನಮ್ಮವರಾರೂ ಮರೆತಿಲ್ಲ. 2022ರ ಡಿಸೆಂಬರ್ 31ರಂದು ಅಮೆರಿಕದ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ನೆಲದ ಸಿಬ್ಬಂದಿಯೊಬ್ಬರು ಎಂಬ್ರೇಯರ್ 175 ವಿಮಾನದ ಚಾಲೂ ಎಂಜಿನ್ನಿಗೆ ಸಿಕ್ಕಿ ಸತ್ತರು. ವಿಮಾನ ಬರುವ ಮೊದಲು ಸುರಕ್ಷತೆಯ ಸಭೆ ನಡೆದಿತ್ತು, ಎಂಜಿನ್ ಚಾಲೂ ಇರುತ್ತದೆಂದು ಹೇಳಲಾಗಿತ್ತು, ಜೊತೆಗಾರರು ಅಲ್ಲೇ ನಿಂತು ಎಚ್ಚರಿಸಲು ಯತ್ನಿಸಿದ್ದರು ಕೂಡ. ಹತ್ತಿರದಲ್ಲೇ ಇದ್ದವರ ಮಾತು ಮುಟ್ಟದಂಥ ಜಾಗ ಅದು. ಎಲ್ಲರ ಕಿವಿಗೂ ಹೆಡ್‌ಸೆಟ್ ಕೊಡುವ ನಿಮ್ಮ ಆಲೋಚನೆಯನ್ನು ನಾನು ಮನಸಾರೆ ಬೆಂಬಲಿಸುವುದು ಇದಕ್ಕಾಗಿಯೇ. ಜೊತೆಗೆ, ಹಿಂದೆ ತಂತಿ ಹಾಕುತ್ತಿದ್ದ ಎಲ್ಲೆಯನ್ನು ಈಗ ನೆಲದ ಮೇಲೆ ಬಣ್ಣದ ಗೆರೆಯಿಂದಲೋ ಕೋನ್‌ಗಳಿಂದಲೋ ಹಾಕಿ; ಆಯಾ ವಿಮಾನದ ನಿರ್ವಹಣಾ ಕೈಪಿಡಿಯಲ್ಲಿ ಐಡಲ್‌ಗೂ ಅದಕ್ಕಿಂತ ಹೆಚ್ಚಿನ ಶಕ್ತಿಗೂ ಅಪಾಯದ ವಲಯದ ಅಳತೆ ಬೇರೆ ಬೇರೆಯಾಗಿ ಕೊಟ್ಟಿರುತ್ತದೆ.

ಎರಡನೆಯ ಅಪಾಯ ಜೋಡಣೆಯದು. ತಂತಿರಹಿತ ವ್ಯವಸ್ಥೆಯಲ್ಲಿ ವಿಮಾನದ ಜಾಕ್‌ಗೆ ಚುಚ್ಚುವುದು ಒಂದು ಸಣ್ಣ ರೇಡಿಯೋ ಪೆಟ್ಟಿಗೆಯನ್ನು, ಹೆಡ್‌ಸೆಟ್ ಅದರೊಡನೆ ಜೋಡಿಯಾಗುತ್ತದೆ. ತಂತಿ ಯಾವ ವಿಮಾನಕ್ಕೆ ಚುಚ್ಚಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ರೇಡಿಯೋ ಕಾಣುವುದಿಲ್ಲ. ಪಕ್ಕಪಕ್ಕದಲ್ಲಿ ಎರಡು ವಿಮಾನಗಳಿದ್ದು, ನಿಮ್ಮ ಹೆಡ್‌ಸೆಟ್ ಆಚೆಯ ವಿಮಾನದ ಜಾಕ್‌ಗೆ ಚುಚ್ಚಿದ ಪೆಟ್ಟಿಗೆಯೊಡನೆ ಜೋಡಿಯಾಗಿದ್ದರೆ, "ಬ್ರೇಕ್ ಬಿಡಿ" ಎಂಬ ಮಾತು ಬೇರೆಯದೇ ಕಾಕ್‌ಪಿಟ್‌ಗೆ ಹೋಗುತ್ತದೆ. ಮೊದಲ ಮಾತಿನಲ್ಲೇ ವಿಮಾನದ ನೋಂದಣಿ ಅಕ್ಷರಗಳನ್ನು ಹೇಳಿ, ಕಾಕ್‌ಪಿಟ್‌ನವರು ಅದನ್ನೇ ತಿರುಗಿ ಹೇಳಿದ ಮೇಲಷ್ಟೇ ಮುಂದಿನ ಮಾತು. ಜಾಕ್‌ಗೆ ಸಿಕ್ಕಿಸುವ ಪೆಟ್ಟಿಗೆಗೆ ಉದ್ದನೆಯ ಕೆಂಪು ಪಟ್ಟಿ ಕಟ್ಟಿ, ಇಲ್ಲವಾದರೆ ಅದು ವಿಮಾನದ ಜೊತೆಗೇ ಹೊರಟುಹೋಗುತ್ತದೆ.

ಪ್ರಶ್ನೆ ಕೇಳಿದವರು: ಹ್ಯಾಂಗರ್ ಮೇಲ್ವಿಚಾರಕ, ಬೆಂಗಳೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ, ನಿಷೇಧದ ಮಾತುಗಳ ಬಗ್ಗೆ ತಾವು ಹೇಳಿದ್ದನ್ನು ನಾಳೆಯ ಪಾಳಿ ಸಭೆಯಲ್ಲೇ ಹೇಳುತ್ತೇನೆ. ಇನ್ನೆರಡು ಪ್ರಶ್ನೆಗಳು ಉಳಿದಿವೆ. ಎಲ್ಲರಿಗೂ ಹೆಡ್‌ಸೆಟ್ ಬಂದ ಮೇಲೆ ಕೈಸನ್ನೆಯ ತರಬೇತಿಯನ್ನು ಕಡಿಮೆ ಮಾಡಬಹುದೆಂದು ಕಚೇರಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಅಲ್ಲದೆ, ಇಂಧನ ಟ್ಯಾಂಕಿನೊಳಗೆ ಇಳಿದು ಕೆಲಸ ಮಾಡುವವರಿಗೂ ಇದೇ ಸೆಟ್ ಕೊಡಬಹುದೇ ಎಂದು ಕೇಳುತ್ತಿದ್ದಾರೆ.

ಉತ್ತರ 4: ನಿವೃತ್ತ ನೌಕಾ ವೈಮಾನಿಕ ಸಿಬ್ಬಂದಿ, ಕಾರವಾರ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ಕೊಡಬಾರದು. ಇಂಧನದ ಆವಿ ಇರುವ ಜಾಗಕ್ಕೆ ಕಿಡಿ ಹುಟ್ಟಿಸಲಾರದಂತೆ ವಿನ್ಯಾಸ ಮಾಡಿ, ಅದಕ್ಕೆಂದೇ ಪ್ರಮಾಣಪತ್ರ ಪಡೆದ ಸಾಧನಗಳು ಬೇರೆಯೇ ಇವೆ. ಸಾಮಾನ್ಯ ಹೆಡ್‌ಸೆಟ್‌ನ ಬ್ಯಾಟರಿಯನ್ನು ಟ್ಯಾಂಕಿನ ಬಾಯಿಯ ಹತ್ತಿರಕ್ಕೂ ಒಯ್ಯಬಾರದು.

ಮೊದಲನೆಯದು ನನ್ನ ವೃತ್ತಿಗೆ ಹತ್ತಿರದ ಪ್ರಶ್ನೆ. ವಿಮಾನವಾಹಕ ನೌಕೆಯ ಡೆಕ್‌ಗಿಂತ ಗದ್ದಲದ ಕೆಲಸದ ಜಾಗ ವಾಯುಯಾನದಲ್ಲಿ ಇನ್ನೊಂದಿಲ್ಲ. ಜೆಟ್ ಪೂರ್ಣ ಶಕ್ತಿಗೆ ಏರಿದಾಗ ಅಲ್ಲಿನ ಶಬ್ದ 140 ಡೆಸಿಬೆಲ್ ಮುಟ್ಟುತ್ತದೆ. ಕಿವಿ ಮುಚ್ಚುವ ಶಿರಸ್ತ್ರಾಣಗಳೂ ಅವುಗಳಲ್ಲಿ ಕೆಲವಕ್ಕೆ ರೇಡಿಯೋಗಳೂ ಇರುತ್ತವೆ. ಆದರೂ ಯಾರ ಕೆಲಸ ಯಾವುದೆಂದು ತಿಳಿಯುವುದು ಅಂಗಿಯ ಬಣ್ಣದಿಂದ: ಹಳದಿ ಅಂಗಿಯವರು ವಿಮಾನಕ್ಕೆ ದಾರಿ ತೋರಿಸುತ್ತಾರೆ, ಪೈಲಟ್ ಚಲಿಸುವುದು ಅವರ ಕೈಸನ್ನೆಯಿಂದ. ಇದು ಹಳೆಯ ಕಾಲದ ಅಭ್ಯಾಸವೆಂದು ಉಳಿದಿರುವುದಲ್ಲ. ರೇಡಿಯೋ ಮಾತು ಹೋಯಿತೋ ಇಲ್ಲವೋ ಎಂಬ ಅನುಮಾನ ಉಳಿಯಬಹುದು. ಎದುರಿಗಿರುವವರು ನೋಡಿ ತಿರುಗಿ ಮಾಡಿದ ಸನ್ನೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಶಸ್ತ್ರಾಸ್ತ್ರ ಜೋಡಿಸುವ ಹೊತ್ತಿನಲ್ಲಂತೂ ರೇಡಿಯೋ ಅಲೆಗಳು ಸ್ಫೋಟಕಗಳ ವಿದ್ಯುತ್ ಪ್ರಚೋದಕಗಳನ್ನು ತಟ್ಟಬಹುದೆಂಬ ಕಾರಣಕ್ಕೆ ಪ್ರಸಾರಗಳನ್ನೇ ನಿರ್ಬಂಧಿಸಲಾಗುತ್ತದೆ. ಆಗ ಸನ್ನೆ ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಆದ್ದರಿಂದ ಸನ್ನೆಯ ತರಬೇತಿಯನ್ನು ಒಂದು ಗಂಟೆಯಷ್ಟೂ ಕಡಿಮೆ ಮಾಡಬೇಡಿ, ದಯವಿಟ್ಟು.

ಇದಕ್ಕಿಂತ ಮುಖ್ಯವಾಗಿ ಒಂದು ನಿಯಮವನ್ನು ಬರೆದಿಡಿ. ಹೆಡ್‌ಸೆಟ್ ಮೌನವಾದರೆ ಅದರ ಅರ್ಥ "ಎಲ್ಲ ಸರಿಯಾಗಿದೆ" ಎಂದಲ್ಲ, "ನಿಲ್ಲಿಸಿ" ಎಂದು. ತಾನಾಗಿ ಮುಚ್ಚುವ ಮೈಕ್ ಇರುವ ವ್ಯವಸ್ಥೆಯಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ಬ್ಯಾಟರಿ ಸತ್ತು ಬಂದ ಮೌನಕ್ಕೂ ಯಾರೂ ಮಾತನಾಡದೆ ಬಂದ ಮೌನಕ್ಕೂ ಕಿವಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗ್ರೌಂಡ್ ರನ್‌ನಲ್ಲಿ ಶಕ್ತಿ ಏರಿಸುವ ಪ್ರತಿ ಹಂತಕ್ಕೂ ಮೊದಲು ಕಾಕ್‌ಪಿಟ್‌ನವರು ಐವರನ್ನೂ ಒಬ್ಬೊಬ್ಬರಾಗಿ ಕರೆಯಲಿ. ಒಬ್ಬರ ಉತ್ತರ ಬಾರದಿದ್ದರೂ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಐಡಲ್‌ಗೆ ಇಳಿಯಲಿ. ಟಗ್ ಚಾಲಕನಿಗೂ ಇದೇ: ಮಾತು ತಪ್ಪಿದ ಕೂಡಲೇ ಟಗ್ ನಿಲ್ಲಬೇಕು, ಆಮೇಲೆ ಕಾರಣ ಹುಡುಕಬೇಕು.

ಉತ್ತರ 1 ಬರೆದವರು: ಏವಿಯಾನಿಕ್ಸ್ ಎಂಜಿನಿಯರ್

ಕಾರವಾರದ ಸರ್ ಹೇಳಿದ ನಿಯಮವನ್ನು ಪರೀಕ್ಷೆಯ ಭಾಗವಾಗಿಯೇ ಮಾಡಿಕೊಳ್ಳಿ. ಮಾರಾಟಗಾರರಿಂದ ಐದು ಸೆಟ್‌ಗಳನ್ನು ಪ್ರಯೋಗಕ್ಕೆ ಪಡೆದು, ನಿಮ್ಮದೇ ಗ್ರೌಂಡ್ ರನ್‌ನಲ್ಲಿ, ನೀವು ಬಳಸುವ ಆಜ್ಞೆಗಳನ್ನೇ ಕ್ರಮ ಬದಲಿಸಿ ಒಬ್ಬರು ಓದಲಿ, ಉಳಿದವರು ಕೇಳಿದ್ದನ್ನು ಬರೆದುಕೊಳ್ಳಲಿ. ಐಡಲ್‌ನಲ್ಲೊಮ್ಮೆ, ಪೂರ್ಣ ಶಕ್ತಿಯಲ್ಲೊಮ್ಮೆ, ಮತ್ತು ಶಕ್ತಿ ಏರುತ್ತಿರುವಾಗ ಒಮ್ಮೆ. ದನಿ ಮೆಲ್ಲಗಿರುವವರನ್ನು ಬೇಕೆಂದೇ ಸೇರಿಸಿಕೊಳ್ಳಿ. ಓದುವವರು ಫ್ಯೂಸೆಲಾಜ್‌ನ (ವಿಮಾನದ ಒಡಲಿನ) ಆಚೆ ಬದಿಗೆ ಹೋಗಿಯೂ ಓದಲಿ, ಏಕೆಂದರೆ ಈ ಕಂಪನಾಂಕದಲ್ಲಿ ಲೋಹದ ಮೈ ಅಲೆಗಳನ್ನು ತಡೆಯುತ್ತದೆ, ಹ್ಯಾಂಗರಿನ ತಗಡಿನ ಗೋಡೆಗಳು ಅವುಗಳನ್ನು ತಿರುಗಿಸಿ ಕಳುಹಿಸುತ್ತವೆ. ನಡುವೆ ಒಂದು ಸೆಟ್ ಅನ್ನು ಯಾರಿಗೂ ಹೇಳದೆ ಆಫ್ ಮಾಡಿ, ಕಾಕ್‌ಪಿಟ್‌ನವರಿಗೆ ಅದು ಎಷ್ಟು ಹೊತ್ತಿಗೆ ಗೊತ್ತಾಗುತ್ತದೆಂದು ನೋಡಿ. ಈ ಪ್ರಯೋಗಗಳೆಲ್ಲ ಮುಗಿಯುವವರೆಗೆ ಹಳೆಯ ತಂತಿಯ ಹೆಡ್‌ಸೆಟ್ ಜಾಕ್‌ನಲ್ಲಿ ಚುಚ್ಚಿಯೇ ಇರಲಿ, ಅದನ್ನು ಧರಿಸಿದ ಒಬ್ಬರು ನೋಸ್ ವೀಲ್ ಬಳಿಯೇ ಇರಲಿ.